ಕಟ್ ಮಾಡಿದ ಫೋನು

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ನನ್ನನ್ನು ದಡ ಮುಟ್ಟಿಸಲಿಲ್ಲ, ದಡಕ್ಕೆ ಎಸೆಯಿತು. ಆದರೂ ‘ಕಟ್’ ಅನ್ನುವ ಒಂದು ಪದ ಜೀವಮಾನವಿಡೀ ನನಗಾಗಿ ದುಡಿದಿದೆ. ಭದ್ರಾವತಿಯ ಕಾರ್ಖಾನೆಗೆ ತಡವಾಗಿ ಹೋದರೆ ಸಂಬಳ ಕಟ್. ಶಿವಮೊಗ್ಗದ ವಿನೋಬನಗರದ ಮನೆಗೆ ಬಂದರೆ ಕರೆಂಟ್ ಕಟ್. ಡಾಕ್ಟರು ಸಕ್ಕರೆ ಕಟ್ ಮಾಡಿ ಅಂದರು. ಹೆಂಡತಿ ಅದೇ ನೆಪದಲ್ಲಿ ಕಾಫಿಯನ್ನೇ ಕಟ್ ಮಾಡಿದಳು. ಮೊಮ್ಮಗಳು ಕೇಕ್ ಕಟ್ ಮಾಡಿದಾಗ ಮಾತ್ರ ಚಪ್ಪಾಳೆ.

ನಮ್ಮ ಮನೆಯಲ್ಲಿ ಈ ಪದಕ್ಕೆ ಇನ್ನೊಂದು ಕೆಲಸವೂ ಇತ್ತು. ತಂಗಿ ಸರೋಜ ಇರುವುದು ಭದ್ರಾವತಿಯ ನ್ಯೂ ಟೌನಿನಲ್ಲಿ. ಫೋನಿಗೆ ಕಾಸು ಸುರಿಯಬೇಕಿದ್ದ ಕಾಲದಲ್ಲಿ, ನಮ್ಮನೆಯಿಂದ ಹೋಗಿ ತಲುಪಿದ ಮೇಲೆ ರಿಂಗ್ ಕೊಡುತ್ತಿದ್ದಳು. ನಾನು ಎತ್ತದೆ ಕಟ್ ಮಾಡುತ್ತಿದ್ದೆ. ಕಟ್ ಮಾಡಿದರೆ ‘ಗೊತ್ತಾಯ್ತು’ ಅಂತ. ಕರೆಗಳು ಅಗ್ಗವಾದ ಮೇಲೂ ಅಭ್ಯಾಸ ಬಿಡಲಿಲ್ಲ. “ಏನ್ ಮಾರಾಯ್ರೆ ಭಾವ, ಅಣ್ಣ ತಂಗಿ ಮಾತಾಡೋದೇ ಬಾಯಿ ಮುಚ್ಕೊಂಡು” ಎಂದು ಅವಳ ಗಂಡ ಮಂಜಪ್ಪ ನಗುತ್ತಿದ್ದ.

ಹೋದ ವರ್ಷ ಮಂಜಪ್ಪ ಭದ್ರಾವತಿಯಲ್ಲೇ ಆಸ್ಪತ್ರೆ ಸೇರಿದ. ನೋಡಿಕೊಂಡು ಬರುವಾಗ, “ಹೆಚ್ಚುಕಮ್ಮಿ ಆದ್ರೆ ಒಂದ್ ರಿಂಗ್ ಕೊಡಮ್ಮ, ಬಂದ್ಬಿಡ್ತೀನಿ” ಎಂದು ತಂಗಿಗೆ ದೊಡ್ಡ ಮನುಷ್ಯನ ಹಾಗೆ ಹೇಳಿದ್ದೆ. ಆಮೇಲೆ ದಿನಾ ಫೋನು, ದಿನಾ ಅದೇ ಕೆಮ್ಮಿನ ಕಥೆ. ಒಂದು ಮಧ್ಯಾಹ್ನ ಟೀವಿಯಲ್ಲಿ ಕ್ರಿಕೆಟ್ ಬಿಸಿಯೇರಿದ್ದಾಗ ಮತ್ತೆ ಅವಳ ಫೋನು. ಆ ಕೆಮ್ಮು ಕೇಳುವ ತಾಳ್ಮೆ ನನಗಿರಲಿಲ್ಲ. ಕಟ್ ಮಾಡಿದೆ. ಅವಳು ಮತ್ತೆ ಮಾಡಲಿಲ್ಲ. ಸದ್ಯ ಅಂದುಕೊಂಡೆ.

ಸಂಜೆ ಅವಳ ಮಗ ಫೋನ್ ಮಾಡಿದ. ನಾನು ಹೋಗಿ ಮುಟ್ಟುವಾಗ ಮಂಜಪ್ಪನ ಮುಖ ಮುಚ್ಚಿದ್ದರು.

“ನೀನು ಕಟ್ ಮಾಡಿದ್ ಕೂಡ್ಲೆ ಇವ್ರಿಗೆ ಹೇಳ್ದೆ ಕಣಣ್ಣ, ಅಣ್ಣ ಹೊರಟ ಅಂತ,” ಎಂದಳು ಸರೋಜ. “ಬಾಗಿಲ ಕಡೇನೇ ನೋಡ್ತಿದ್ರು. ಬಸ್ ಸಿಗ್ಲಿಲ್ವಾ?”

“ಹೂಂ, ಸಿಗ್ಲಿಲ್ಲ” ಅಂದೆ.

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ ಸಿಗಲಿಲ್ಲ ಅಂದರೆ ಎಳೆ ಮಗುವೂ ನಂಬುವುದಿಲ್ಲ. ನನ್ನ ತಂಗಿ ನಂಬಿದಳು. ತಿಥಿಯ ದಿನ, “ಅಣ್ಣ ಪಾಪ ಫೋನ್ ಕಟ್ ಮಾಡಿ ಓಡಿ ಬಂದ, ಬಸ್ಸಿನೋರು ಕೈಕೊಟ್ರು” ಎಂದು ಬಂದವರಿಗೆಲ್ಲ ಹೇಳುತ್ತಾ ನನ್ನ ಎಲೆಗೇ ಮೊದಲು ವಡೆ ಬಡಿಸಿದಳು. ಇವತ್ತು ನಿಜ ಹೇಳಿಯೇ ಬಿಡಬೇಕೆಂದು ಬಾಯಿ ತೆರೆದೆ.

“ಇನ್ನೊಂದ್ ಹಾಕ್ಲಾ ಅಣ್ಣ?” ಅಂದಳು.

ಹಾಕು ಅಂದೆ.