ಅತ್ತೆಯ ವಾರದ ಪಟ್ಟಿ

ನಮ್ಮ ಸೋದರತ್ತೆ ಗುರುವಾರ ಹನ್ನೊಂದು ಗಂಟೆಗೆ ಎಲ್ಲಿರುತ್ತಾರೆ ಎಂಬುದು ಭಾನುವಾರವೇ ಇಡೀ ಬಳಗಕ್ಕೆ ಗೊತ್ತಿರುತ್ತದೆ. ಮಂತ್ರಿಗಳ ಪ್ರವಾಸ ಕಾರ್ಯಕ್ರಮವೂ ಇಷ್ಟು ಖಚಿತವಾಗಿರುವುದಿಲ್ಲ.

ಅತ್ತೆ ಮದುವೆಯಾಗಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ, ನೊಣವಿನಕೆರೆಯಲ್ಲಿ ಒಬ್ಬರೇ ಇದ್ದಾರೆ. ವೇಳಾಪಟ್ಟಿಯಿಲ್ಲದೆ ಅವರಿಗೆ ಉಸಿರಾಡಲು ಬರುವುದಿಲ್ಲ. ಪ್ರತಿ ಭಾನುವಾರ ಬೆಳಗ್ಗೆ ಕುಟುಂಬದ ವಾಟ್ಸಾಪ್ ಗುಂಪಿಗೊಮ್ಮೆ, ಫೇಸ್‌ಬುಕ್ಕಿಗೊಮ್ಮೆ ಪಟ್ಟಿ ಬೀಳುತ್ತದೆ: ‘ಸೋಮವಾರ ಹತ್ತಕ್ಕೆ ತಿಪಟೂರು, ಹಲ್ಲಿನ ಡಾಕ್ಟರು. ಮಂಗಳವಾರ ಕಾಯಿ ಕೀಳಿಸುವುದು. ಬುಧವಾರ ಮನೆಯಲ್ಲೇ ಇರುತ್ತೇನೆ, ಬರುವವರು ಬರಬಹುದು.’

ಬುಧವಾರ ಯಾರು ಹೋಗುತ್ತಾರೆ? ಹೋದವರ ಉಚ್ಚಾರಣೆ ತಿದ್ದುತ್ತಾರೆ. ಲಗ್ನಪತ್ರಿಕೆ ಕೊಟ್ಟರೆ ಕೆಂಪು ಪೆನ್ನು ಹುಡುಕುತ್ತಾರೆ. ನನ್ನ ತಂಗಿ ತನ್ನ ಮಗಳ ಮದುವೆಗೆ ಕರೆಯಲು ಹೋದಾಗ, ಪತ್ರಿಕೆಯ ‘ಆರ್ಶೀವಾದ’ಕ್ಕೆ ಸುತ್ತು ಹಾಕಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟು ವಾಪಸು ಕಳಿಸಿದ್ದರು.

ಪಟ್ಟಿಯ ನಿಜವಾದ ಉಪಯೋಗ ಕಂಡುಹಿಡಿದವರು ನಮ್ಮ ಚಿಕ್ಕಪ್ಪ. ಅತ್ತೆ ತಿಪಟೂರಿಗೆ ಹೋದ ದಿನ ನೋಡಿ, ಗೃಹಪ್ರವೇಶದ ಪತ್ರಿಕೆಯನ್ನು ಬಾಗಿಲ ಸಂದಿಗೆ ತೂರಿಸಿ ಬಂದರು. “ಬಂದಿದ್ದೆ ಕಣಕ್ಕ, ನೀನೇ ಇರ್ಲಿಲ್ಲ” ಎಂದು ಗುಂಪಿನಲ್ಲಿ ಬರೆದರು. ನಮಗೆ ಗುಟ್ಟಾಗಿ, “ಅಕ್ಕ ಇಲ್ದಾಗ ಹೋಗ್ಬಂದ್ ಬುಡ್ರಲಾ. ಕರ್ದಂಗೂ ಆಯ್ತದೆ, ಫೇಲಾಗೋದೂ ತಪ್ತದೆ” ಎಂದರು.

ಬಳಗವೆಲ್ಲ ಅದೇ ದಾರಿ ಹಿಡಿಯಿತು. ಅತ್ತೆ ಊರಲ್ಲಿಲ್ಲದ ದಿನವೇ ಅವರ ಮನೆಗೆ ನೆಂಟರು ಹೆಚ್ಚು. ಅವರಿಗೆ ಏನೂ ತಿಳಿಯುತ್ತಿಲ್ಲ ಎಂದು ನಾವು ನಗುತ್ತಿದ್ದೆವು. ಜೀವಮಾನವೆಲ್ಲ ತಪ್ಪು ಹಿಡಿದವರಿಗೆ ನಮ್ಮದೊಂದು ಕಾಣಿಸುವುದಿಲ್ಲವೇ? ಅಷ್ಟು ಯೋಚಿಸುವ ಬುದ್ಧಿ ನಮಗಿರಲಿಲ್ಲ.

ಹೋದ ತಿಂಗಳು ನನ್ನ ಸರದಿ ಬಂತು, ಮಗಳ ಮದುವೆ. ಅತ್ತೆಯ ಪಟ್ಟಿಯಲ್ಲಿ ‘ಗುರುವಾರ ಇಡೀ ದಿನ ತುರುವೇಕೆರೆ, ಗೆಳತಿಯ ಮನೆ’ ಎಂದಿತ್ತು. ಆದರೂ ಕಳ್ಳನ ಮನಸ್ಸು ನೋಡಿ, ಸ್ಕೂಟರನ್ನು ತೆಂಗಿನಮಟ್ಟೆಯ ರಾಶಿಯ ಮರೆಯಲ್ಲಿ ನಿಲ್ಲಿಸಿದೆ. ಪತ್ರಿಕೆಯನ್ನು ಬಾಗಿಲಡಿ ತಳ್ಳಲು ಬಗ್ಗಿದೆ. ಬಾಗಿಲು ತೆರೆಯಿತು.

“ಎದ್ದೇಳಪ್ಪ, ಸೊಂಟ ಹಿಡ್ಕೊಂಡೀತು,” ಎಂದರು ಅತ್ತೆ.

“ತುರುವೇಕೆರೆಗೆ ಹೋಗ್ಲಿಲ್ವಾ ಅತ್ತೆ?”

“ಅಲ್ಲಿ ನಂಗ್ಯಾರಿದ್ದಾರೆ? ಆ ಗೆಳತಿ ತೀರ್ಕೊಂಡು ಎರಡು ವರ್ಷ ಆಯ್ತು ಕಣಪ್ಪ.”

“ಮತ್ತೆ ಪಟ್ಟೀಲಿ ಹಾಕಿದ್ರಿ?”

ಅತ್ತೆ ಪತ್ರಿಕೆಯನ್ನು ನೆಲದಿಂದ ಎತ್ತಿ ಸೆರಗಿನಲ್ಲಿ ಒರೆಸಿದರು. “ಇದ್ದೀನಿ ಅಂತ ಹಾಕಿದ್ರೆ ಯಾರೂ ಬರಲ್ಲ. ಇಲ್ಲ ಅಂತ ಹಾಕಿದ್ರೆ ಒಬ್ಬರಾದ್ರೂ ಬರ್ತೀರಿ. ಹೋದ ವಾರ ನಿನ್ ತಂಗಿ ಬಂದಿದ್ಲು, ಊಟ ಮಾಡ್ಕೊಂಡು ಹೋದ್ಲು.”

ತಂಗಿ ಇದನ್ನು ನನಗೆ ಹೇಳಿರಲಿಲ್ಲ.

ಒಳಗೆ ಇಬ್ಬರಿಗಾಗುವಷ್ಟು ಅನ್ನ ಆಗಲೇ ಮಾಡಿಟ್ಟಿತ್ತು, ಯಾರು ಬರುತ್ತಾರೆಂದು ಗೊತ್ತಿಲ್ಲದೆ. ನಾನು ಹೆಂಡತಿಗೆ ಫೋನ್ ಮಾಡಿ, ಬರುವುದು ಸಂಜೆಯಾಗುತ್ತದೆ ಎಂದೆ.