ನಮ್ಮ ಮನೆಯ ಕಳ್ಳಗಂಟೆ

ಪಾಠ ಹೇಳುವವನಿಗೆ ಒಂದು ದೊಡ್ಡ ಅನುಕೂಲವಿದೆ. ಹೇಳಿದ್ದನ್ನು ಅವನು ಮಾಡಿ ತೋರಿಸಬೇಕಾಗಿಲ್ಲ. ಕುಂಬ್ರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದಾಗ ವರ್ಷಕ್ಕೊಂದು ಸಲ ಕರಿಹಲಗೆಯ ಮೇಲೆ ವಿದ್ಯುತ್ ಗಂಟೆಯ ಚಿತ್ರ ಬಿಡಿಸುತ್ತಿದ್ದೆ. ಸುರುಳಿ ಸುತ್ತಿದ ಕಬ್ಬಿಣ, ಅದರ ಮುಂದೆ ಪುಟ್ಟ ಸುತ್ತಿಗೆ, ಪಕ್ಕದಲ್ಲಿ ಬಟ್ಟಲಿನಂಥ ಗಂಟೆ. ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಚಿತ್ರದ ಗಂಟೆ ಹೊಡೆದುಕೊಳ್ಳಬೇಕೆಂದು ಯಾರೂ ಕೇಳುವುದಿಲ್ಲವಾದ್ದರಿಂದ ನನ್ನ ವಿದ್ವತ್ತಿಗೆ ಧಕ್ಕೆ ಬಂದಿರಲಿಲ್ಲ. ಆದರೆ ಮನೆಯಲ್ಲಿ ಸಂಗತಿ ಬೇರೆ. ಪುತ್ತೂರಿನ ನಮ್ಮ ಬಾಡಿಗೆ ಮನೆಯಲ್ಲಿ ಫ್ಯೂಸು ಹೋದರೆ ತಂತಿ ಕಟ್ಟಿ ಸರಿಮಾಡುವವಳು ನನ್ನ ಹೆಂಡತಿ ಸರೋಜಿನಿ. ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತು, ಫ್ಯೂಸು ಯಾಕೆ ಹೋಗುತ್ತದೆ ಎಂಬುದನ್ನು ವಿವರಿಸುತ್ತಿದ್ದೆ. ಟಾರ್ಚನ್ನಾದರೂ ನೆಟ್ಟಗೆ ಹಿಡಿಯಿರಿ ಎಂದು ಅವಳು ಹೇಳುತ್ತಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳವು. ಒಂದು ಬೇಸಗೆಯಲ್ಲಿ ನಮ್ಮ ಓಣಿಯ ಎರಡು ಮನೆಗಳ ಬಚ್ಚಲಿನಿಂದ ತಾಮ್ರದ ಹಂಡೆಗಳು ಹಾಡಹಗಲೇ ಕಾಣೆಯಾದವು. ನಮ್ಮ ಕಡೆ ಏನಾದರೂ ಕಳೆದುಹೋದರೆ ಪೋಲೀಸರ ನೆನಪಾಗುವ ಮೊದಲು ದೈವದ ನೆನಪಾಗುತ್ತದೆ. ಸಿಕ್ಕಿದರೆ ಚಕ್ಕುಲಿ, ವೀಳ್ಯ ಕೊಡುತ್ತೇನೆಂದು ಹರಕೆ ಹೇಳಿಕೊಂಡು ಹುಡುಕಲು ಹೊರಡುವುದು ವಾಡಿಕೆ. ಸರೋಜಿನಿ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಹಂಡೆ ಹೋಗದಿದ್ದರೆ ಚಕ್ಕುಲಿ ಎಂದು ಮುಂಗಡವಾಗಿಯೇ ಹೇಳಿಕೊಂಡುಬಿಟ್ಟಳು. ದೈವದ ಮೇಲೆ ನನಗೂ ಭಕ್ತಿಯಿದೆ. ಆದರೆ ವಿಜ್ಞಾನದ ಮಾಸ್ತರನ ಮನೆಯ ಹಂಡೆಯನ್ನು ಕಾಯುವ ಕೆಲಸ ಪೂರ್ತಿಯಾಗಿ ಚಕ್ಕುಲಿಯ ಮೇಲೆ ಬೀಳುವುದು ನನಗೆ ಸರಿಕಾಣಲಿಲ್ಲ. ಕಳ್ಳ ಕಾಲಿಟ್ಟರೆ ತಾನಾಗಿಯೇ ಹೊಡೆದುಕೊಳ್ಳುವ ಗಂಟೆಯೊಂದನ್ನು ಮನೆಗೆ ಕೂಡಿಸುತ್ತೇನೆಂದು ಊಟಕ್ಕೆ ಕುಳಿತಾಗ ಘೋಷಿಸಿದೆ. ಸರೋಜಿನಿ ಸಾರು ಬಡಿಸುತ್ತಾ, ಚಿತ್ರವಾ, ನಿಜವಾದದ್ದಾ ಎಂದು ಕೇಳಿದಳು. ಆ ಒಂದು ಪ್ರಶ್ನೆ ಸಾಕಾಯಿತು.

ಪಕ್ಕದ ಮನೆಯ ಮೂಸೆ ಬ್ಯಾರಿಗಳಿಗೆ ಪೇಟೆಯಲ್ಲಿ ಗುಜರಿ ಅಂಗಡಿಯಿತ್ತು. ಹಳೆಯ ತಗಡು, ಮುರಿದ ಪಂಪು, ಕೆಟ್ಟ ಬ್ಯಾಟರಿ, ಯಾರಿಗೂ ಬೇಡವಾದದ್ದೆಲ್ಲ ಅವರಲ್ಲಿಗೆ ಬರುತ್ತಿತ್ತು. ಹಂಡೆ ಕಳವಾದ ಮೇಲೆ ನಮ್ಮೆಲ್ಲರಿಗಿಂತ ಹೆಚ್ಚು ಚಿಂತೆಗೆ ಬಿದ್ದವರು ಅವರೇ. ಕದ್ದ ಹಂಡೆಯನ್ನು ಕಳ್ಳ ತಮ್ಮ ಅಂಗಡಿಗೇ ತಂದುಬಿಟ್ಟರೆ ಮಾನ ಹೋಯಿತಲ್ಲ ಎಂದು ತಾಮ್ರದ ವ್ಯಾಪಾರವನ್ನೇ ಅವರು ನಿಲ್ಲಿಸಿದ್ದರು. ನನ್ನ ಯೋಜನೆ ಕೇಳಿ ಬಹಳ ಸಂತೋಷಪಟ್ಟು, ಮುಚ್ಚಿಹೋದ ಟೆಂಟು ಟಾಕೀಸೊಂದರಿಂದ ಬಂದಿದ್ದ ಗಂಟೆಯನ್ನೂ, ಜೀಪಿನ ಹಳೆಯ ಬ್ಯಾಟರಿಯನ್ನೂ ಉಚಿತವಾಗಿ ಕೊಟ್ಟರು. ನಾನು ಸೀಮೆಎಣ್ಣೆ ಡಬ್ಬ ಬಿಡಿಸಿ ಎರಡು ತಗಡು ಮಾಡಿ, ನಡುವೆ ಅಲ್ಲಲ್ಲಿ ತೂತು ಕೊರೆದ ಗೋಣಿ ಇಟ್ಟು ಹೊಲಿದು, ಮೇಲೆ ಚಾಪೆ ಹಾಸಿ ಎದುರು ಬಾಗಿಲಲ್ಲಿ ಮಲಗಿಸಿದೆ. ಮೇಲೆ ಕಾಲಿಟ್ಟರೆ ತಗಡಿಗೆ ತಗಡು ತಾಗಿ ಗಂಟೆ ಹೊಡೆಯಬೇಕು, ಕಾಲು ತೆಗೆದರೆ ನಿಲ್ಲಬೇಕು. ಕಳ್ಳ ಬಂದು ಸ್ವಿಚ್ಚು ಆರಿಸಿಬಿಟ್ಟರೆ ಎಂಬ ಮುಂದಾಲೋಚನೆಯಿಂದ ಸ್ವಿಚ್ಚನ್ನು ಅಟ್ಟದ ಮೇಲೆ, ಹೊಗೆಹಿಡಿದ ತೊಲೆಯ ಮರೆಯಲ್ಲಿ ಕೂಡಿಸಿದೆ. ಅದನ್ನು ಮುಟ್ಟಬೇಕಾದರೆ ಕಳ್ಳ ಮೂಸೆ ಬ್ಯಾರಿಗಳ ಮನೆಯಿಂದ ಏಣಿ ತರಬೇಕಾಗಿತ್ತು. ನಾನೂ ತರಬೇಕಾಗುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಮೊದಲ ಪರೀಕ್ಷೆಯಲ್ಲಿ ನಾನೇ ಚಾಪೆ ತುಳಿದೆ. ಗಂಟೆ ಹೊಡೆದುಕೊಂಡ ರಭಸಕ್ಕೆ ಮಾಡಿನ ಹಂಚಿನ ಮೇಲಿದ್ದ ಕಾಗೆಗಳೆಲ್ಲ ಎದ್ದುಹೋದವು. ಓಣಿಯ ತುದಿಯಲ್ಲಿದ್ದವರು ಎಲ್ಲೋ ಸಿನಿಮಾ ಶುರುವಾಯಿತೆಂದು ಹೊರಗೆ ಬಂದರು. ನನ್ನ ಜೀವಮಾನದಲ್ಲಿ ನನ್ನಿಂದಾಗಿ ಸದ್ದು ಮಾಡಿದ ಮೊದಲ ಯಂತ್ರ ಅದು. ಸುಳ್ಳು ಯಾಕೆ, ನನಗೆ ಕಣ್ಣು ತುಂಬಿ ಬಂತು. ಮೂಸೆ ಬ್ಯಾರಿಗಳು ತಲೆದೂಗಿ, "ಗಂಟೆ ಆಯ್ತು ಮಾಸ್ಟ್ರೆ, ಇನ್ನು ಕಳ್ಳ ಟಿಕೇಟು ತೆಗೊಂಡು ಬರ್ಬೇಕಷ್ಟೆ" ಎಂದರು. ಸರೋಜಿನಿ ಮಾತ್ರ, ಹಂಡೆ ಇರುವುದು ಮನೆಯ ಹಿಂದೆ, ಗಂಟೆ ಕಟ್ಟಿದ್ದು ಮನೆಯ ಮುಂದೆ, ಇದು ಹೇಗೆ ಎಂದು ಕೇಳಿದಳು. ಎಲ್ಲವೂ ಹಂತಹಂತವಾಗಿ ಆಗಬೇಕೆಂದು ನಾನು ಗಂಭೀರವಾಗಿ ಉತ್ತರಿಸಿದೆ.

ಗಂಟೆ ಹೊಡೆದ ಕೂಡಲೇ ಕೈಗೆ ಸಿಕ್ಕಿದ ದೊಣ್ಣೆ ಹಿಡಿದು ಬರಬೇಕೆಂದು ಅಕ್ಕಪಕ್ಕದವರೊಡನೆ ಒಪ್ಪಂದವಾಗಿತ್ತು. ಅವರು ಮಾತಿಗೆ ತಪ್ಪಲಿಲ್ಲ. ಮೊದಲು ಸಿಕ್ಕಿದವನು ಪೋಸ್ಟ್‌ಮ್ಯಾನ್. ಎರಡನೆಯದು ನಾಯಿ. ಮೂರನೆಯದು ಗಾಳಿಗೆ ಉರುಳಿ ಬಂದ ಹಲಸಿನಕಾಯಿ ಎಂದು ನಾನು ಹೇಳುತ್ತೇನೆ, ಹಾಗಲ್ಲ, ನೀವೇ ಮರೆತು ತುಳಿದದ್ದು ಎಂದು ಸರೋಜಿನಿ ಹೇಳುತ್ತಾಳೆ. ಬಂದವರನ್ನು ಹಾಗೆಯೇ ಕಳಿಸುವುದು ಚೆಂದವಲ್ಲವೆಂದು ಅವಳು ಪ್ರತಿಸಲವೂ ಚಹಾ ಮಾಡಿದಳು. ಕ್ರಮೇಣ ಜನ ದೊಣ್ಣೆ ತರುವುದನ್ನು ಬಿಟ್ಟು ಬರಿಗೈಯಲ್ಲಿ ಬರತೊಡಗಿದರು. ನಾಲ್ಕು ಗಂಟೆಯ ಹೊತ್ತಿಗೆ ಗಂಟೆ ಹೊಡೆಯದಿದ್ದರೆ, ಇವತ್ತು ಯಾರೂ ಬರಲಿಲ್ಲವಾ ಎಂದು ಬೇಲಿಯಾಚೆಯಿಂದ ವಿಚಾರಿಸುವವರೂ ಇದ್ದರು. ನಾವಿಬ್ಬರೂ ಚಾಪೆಯನ್ನು ದಾಟಿ ಹೆಜ್ಜೆಯಿಡುವುದನ್ನು ರೂಢಿಮಾಡಿಕೊಂಡಿದ್ದೆವು. ಆ ರೂಢಿ ಎಷ್ಟು ಬಲವಾಯಿತೆಂದರೆ ಶಾಲೆಯಲ್ಲಿ ಹೆಡ್‌ಮಾಸ್ಟರರ ಕೋಣೆಗೂ ನಾನು ಹೊಂಡ ಹಾರುವವನಂತೆ ಕಾಲು ಎತ್ತಿ ಹೋಗುತ್ತಿದ್ದೆ. ಸೊಂಟ ಉಳುಕಿದೆಯೇ ಎಂದು ಅವರೊಮ್ಮೆ ಕೇಳಿದರು.

ನಿಜವಾದ ದೋಷ ಗೊತ್ತಾದದ್ದು ನೆಂಟರು ಬಂದಾಗ. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಚೆಂಬಿನಲ್ಲಿ ನೀರು ಕೊಡುತ್ತಾರೆ. ಅವರು ಅಂಗಳದ ಅಂಚಿನಲ್ಲಿ ಕಾಲು ತೊಳೆದೇ ಮೇಲೆ ಹತ್ತುತ್ತಾರೆ. ನಾನು ಪರೀಕ್ಷೆ ಮಾಡಿದ್ದೆಲ್ಲ ಒಣ ಕಾಲಿನಲ್ಲಿ. ಮದುವೆ ಕಾಗದ ಕೊಡಲು ಬಂದ ನನ್ನ ದೊಡ್ಡಮ್ಮನ ಮಗ ಚೆನ್ನಾಗಿ ಕಾಲು ತೊಳೆದು, ನೀರು ಸೋರಿಸುತ್ತಾ ಚಾಪೆಯ ಮೇಲೆ ನಿಂತ. ಗೋಣಿ ನೀರು ಕುಡಿದು ಕುಸಿಯಿತು. ತಗಡುಗಳು ಒಂದಕ್ಕೊಂದು ಅಂಟಿಕೊಂಡವು. ಅವನು ಕಾಲು ತೆಗೆದರೂ ಗಂಟೆ ನಿಲ್ಲಲಿಲ್ಲ. ನಾನು ಏಣಿ ತಂದು ಅಟ್ಟ ಹತ್ತುವವರೆಗೆ ಮದುವೆಯ ದಿನ, ಮುಹೂರ್ತಗಳನ್ನು ಅವನು ಕೈಸನ್ನೆಯಲ್ಲಿ ತಿಳಿಸಬೇಕಾಯಿತು. "ಮರ್ಯಾದಿ ಇಲ್ಲದೆ ನುಗ್ಗಿದವನಿಗೆ ಚೂರು ಗಂಟೆ, ಕಾಲು ತೊಳ್ದು ಬಂದವರಿಗೆ ಉದ್ದ ಗಂಟೆ. ಇದು ಎಂತ ನ್ಯಾಯ?" ಎಂದು ಸರೋಜಿನಿ ಕೇಳಿದಳು. ಮುಂದಿನ ಭಾನುವಾರ ಸುಧಾರಿಸುತ್ತೇನೆಂದೆ. ಆಮೇಲೆ ಹಲವು ಭಾನುವಾರಗಳು ಬಂದು ಹೋದವು.

ಇಲ್ಲಿ ಸರೋಜಿನಿಯ ದೂಮಣ್ಣ ಮಾವನ, ಅಂದರೆ ದೂಮಣ್ಣ ರೈಗಳ ವಿಷಯ ಹೇಳಬೇಕು. ಅವರು ಅವಳ ತಾಯಿಯ ಅಣ್ಣ. ತಾಯಿಯ ಕಡೆಯಿಂದ ವಂಶ ಎಣಿಸುವ ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಸೋದರಮಾವನ ಮಾತೆಂದರೆ ಕೊನೆಯ ಮಾತು. ಕಲ್ಲುಗುಂಡಿಯ ಅವರ ಮನೆಯಲ್ಲಿ, ಅವರ ಕೈಯಲ್ಲೇ ಇವಳು ಬೆಳೆದದ್ದು. ಇವಳಿಗಾಗಿ ಸಂಪಾಜೆಯ ಕಡೆಯ ಒಳ್ಳೆಯ ಅನುಕೂಲಸ್ಥ ಸಂಬಂಧವೊಂದನ್ನು ಅವರು ನೋಡಿಟ್ಟಿದ್ದರು. ಅಷ್ಟರಲ್ಲಿ ಕಲ್ಲುಗುಂಡಿಯ ಶಾಲೆಗೆ ಹಂಗಾಮಿ ಮಾಸ್ತರನಾಗಿ ನಾನು ಹೋದೆ. ಪರಿಚಯ ಹೇಗಾಯಿತೆಂಬುದು ಇಲ್ಲಿ ಬೇಡ. ಸರೋಜಿನಿಯ ತಾಯಿಯ ಒಪ್ಪಿಗೆಯಿಂದ ದೇವಸ್ಥಾನದಲ್ಲಿ ಹತ್ತು ಜನರ ಎದುರು ನಮ್ಮ ಮದುವೆಯಾಯಿತು. ದೂಮಣ್ಣ ಮಾವ ಬರಲಿಲ್ಲ, ಆ ಮಾಸ್ತರನ ಮನೆಯ ಮೆಟ್ಟಿಲು ತುಳಿಯುವುದಿಲ್ಲವೆಂದು ಹೇಳಿಕಳಿಸಿದರು. ಒಂಬತ್ತು ವರ್ಷ ಆ ಮಾತಿನಂತೆಯೇ ನಡೆದರು. ಸರೋಜಿನಿ ಪ್ರತಿ ಹಬ್ಬಕ್ಕೂ ಅವರಿಗೆ ಕಾಗದ ಬರೆಯುತ್ತಿದ್ದಳು. ಉತ್ತರ ಬರುತ್ತಿರಲಿಲ್ಲ. ಎಲ್ಲವನ್ನೂ ನಕ್ಕು ಹಾರಿಸುವವಳು ಈ ಒಂದು ವಿಷಯದಲ್ಲಿ ಮಾತ್ರ ಸುಮ್ಮನಾಗಿಬಿಡುತ್ತಿದ್ದಳು. ನನಗೆ ಆ ಮೌನದ ಎದುರು ಕುಳಿತಿರಲು ಬಹಳ ಕಷ್ಟವಾಗುತ್ತಿತ್ತು.

ಅಂಥವರಿಂದ ಒಂದು ಕಾರ್ಡು ಬಂತು. ಬುಧವಾರ ಪುತ್ತೂರಿಗೆ ಕಣ್ಣಿನ ಡಾಕ್ಟರರಲ್ಲಿಗೆ ಬರುವುದುಂಟು, ಸಮಯ ಉಳಿದರೆ ಬಂದುಹೋಗುತ್ತೇನೆ, ಊಟ ಬೇಡ. ಇಷ್ಟೇ. ಸರೋಜಿನಿ ಅದನ್ನು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ಊಟ ಬೇಡವೆಂದವರಿಗಾಗಿ ಕೋಳಿ ತರಿಸಿದಳು, ಕೋರಿರೊಟ್ಟಿ ಮಾಡಿದಳು. ನನ್ನನ್ನು ಕರೆದು, ಆ ಗಂಟೆ ಇವತ್ತು ಬಾಯಿಬಿಡಬಾರದು, ಅಟ್ಟ ಹತ್ತಿ ಆರಿಸಿ ಎಂದಳು. ಆ ದಿನ ನಾನು ಅರ್ಧ ರಜೆ ಹಾಕಿ, ಮಧ್ಯಾಹ್ನದ ಬಸ್ಸಿನಲ್ಲಿ ಬಂದು, ಏಣಿ ತಂದು, ಕತ್ತಲೆಯಲ್ಲಿ ತಡಕಾಡಿ ಸ್ವಿಚ್ಚನ್ನು ಠಕ್ಕೆಂದು ತಿರುಗಿಸಿದೆ. ಏಣಿಯನ್ನು ಹಿಂದಕ್ಕೆ ಕೊಟ್ಟು, ಕೈಕಾಲು ತೊಳೆದು, ಹೊಸ ಪಂಚೆ ಉಟ್ಟು ಕುಳಿತೆ. ನನ್ನ ಮೇಲಿನ ನಂಬಿಕೆ ಸಾಲದೆ ಸರೋಜಿನಿ ಬೆಳಿಗ್ಗೆಯೇ ತಾನೇ ಅಟ್ಟ ಹತ್ತಿ ಅದನ್ನು ಆರಿಸಿಯಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಹೇಳಿದರೆ ನನಗೆ ಬೇಸರವಾದೀತೆಂದು ಅವಳು ಹೇಳಿರಲಿಲ್ಲ. ಇಬ್ಬರೂ ಚಾಪೆಯನ್ನು ದಾಟಿಯೇ ಓಡಾಡುತ್ತಿದ್ದೆವಾದ್ದರಿಂದ ಗಂಟೆಯೂ ಏನೂ ಹೇಳಲಿಲ್ಲ.

ನಾಲ್ಕು ಗಂಟೆಗೆ ದೂಮಣ್ಣ ಮಾವ ಬಂದರು. ಕೊಡೆ ಊರಿಕೊಂಡು, ಡಾಕ್ಟರರು ಕಣ್ಣಿಗೆ ಬಿಟ್ಟ ಮದ್ದಿನಿಂದ ನೋಟ ಮಂಜಾಗಿ, ತಡವರಿಸುತ್ತಾ ಅಂಗಳಕ್ಕೆ ಬಂದರು. ಎದೆಯೆತ್ತಿ ನಡೆಯುತ್ತಿದ್ದ ಮನುಷ್ಯ ಬಹಳ ಇಳಿದುಹೋಗಿದ್ದರು. ಸರೋಜಿನಿ ಚೆಂಬು ನೀಡಿದಳು. ಅವರು ನಿಧಾನವಾಗಿ, ಕಣ್ಣು ಕಾಣದವರಂತೆ, ಮೊಣಕಾಲಿನವರೆಗೂ ನೀರು ಹೊಯ್ದುಕೊಂಡರು. ಒಂಬತ್ತು ವರ್ಷ ತುಳಿಯದ ಮೆಟ್ಟಿಲನ್ನು ಹತ್ತಿದರು. ಚಾಪೆಯ ಮೇಲೆ ಎರಡು ಕಾಲನ್ನೂ ಊರಿ ನಿಂತರು.

ಟೆಂಟು ಟಾಕೀಸಿನ ಗಂಟೆ ತನ್ನ ಪೂರ್ತಿ ಶಕ್ತಿಯಿಂದ ಹೊಡೆಯಿತು. ಮಾವ ಕಂಬ ಹಿಡಿದುಕೊಂಡು ಹಿಂದೆ ಸರಿದರು. ಅವರು ಸರಿದರೂ ಅದು ನಿಲ್ಲಲಿಲ್ಲ. ಸರೋಜಿನಿ ನನ್ನ ಕಡೆ ನೋಡಿದ ನೋಟವನ್ನು ಬರೆಯುವ ಧೈರ್ಯ ನನಗೆ ಈಗಲೂ ಇಲ್ಲ. ಆ ಗದ್ದಲದ ನಡುವೆ ಮಾವ ಅವಳ ಕಿವಿಯ ಹತ್ತಿರ ಬಾಗಿ, "ಬರುದು ಬೇಡ ಅಂತ ಇದ್ರೆ ಒಂದು ಕಾರ್ಡು ಹಾಕಿದ್ರೆ ಸಾಕಿತ್ತು ಮಗಾ" ಎಂದರಂತೆ. ನಾನು ಆಗಲೇ ಹಿಂದಿನ ಬಾಗಿಲಿನಿಂದ ಏಣಿಗಾಗಿ ಓಡಿದ್ದೆ. ಏಣಿ ಹೊತ್ತು ಬರುವಷ್ಟರಲ್ಲಿ ಒಪ್ಪಂದದ ಪ್ರಕಾರ ಓಣಿಯ ಜನರೆಲ್ಲ ಅಂಗಳದಲ್ಲಿ ಸೇರಿದ್ದರು. ಕೊಡೆ ಕೈಯಲ್ಲಿ ಹಿಡಿದು ಮರಳಿ ಹೊರಡಲು ತಿರುಗಿದ್ದ ಮಾವನಿಗೆ ದಾರಿಯೇ ಇರಲಿಲ್ಲ. ನಾನು ಅಟ್ಟ ಹತ್ತಿದೆ. ಒಂಬತ್ತು ವರ್ಷದ ಕಾಯುವಿಕೆ ನನ್ನ ಒಂದು ಸ್ವಿಚ್ಚಿನಿಂದ ಹಾಳಾಯಿತಲ್ಲ. ಸ್ವಿಚ್ಚು ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ತಂತಿಯನ್ನೇ ಕಿತ್ತೆಸೆದೆ. ಹೊಗೆಯ ಮಸಿಯೆಲ್ಲ ತಲೆಯ ಮೇಲೆ ಸುರಿಯಿತು.

ಸದ್ದು ನಿಂತಾಗ ಕೆಳಗಿನಿಂದ ಮೂಸೆ ಬ್ಯಾರಿಗಳ ದನಿ ಕೇಳಿಸಿತು. ಇದು ನಿಮಗೆ ಹೊಡೆದದ್ದಲ್ಲ ರೈಗಳೇ, ಕಳ್ಳನನ್ನು ಹಿಡಿಯಲಿಕ್ಕೆ ಮಾಸ್ಟ್ರು ಮಾಡಿದ ಗಂಟೆ, ನಿಮ್ಮ ಕಾಲು ಒದ್ದೆ ಇತ್ತು ನೋಡಿ, ಅದಕ್ಕೆ ಮರ್ಯಾದಸ್ಥರು ಬಂದ್ರೆ ಜೋರು ಎಂದು ಅವರು ಸಮಾಧಾನದಿಂದ ವಿವರಿಸುತ್ತಿದ್ದರು. ನಾನು ಏಣಿಯಿಂದ ಇಳಿದು ಮಾವನ ಎದುರು ನಿಂತೆ. ಮುಖ, ಕೈ, ಹೊಸ ಪಂಚೆ ಎಲ್ಲವೂ ಕಪ್ಪಾಗಿತ್ತು. ಅವರು ಕಣ್ಣು ಕಿರಿದು ಮಾಡಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ನಿಮ್ಮ ಗಂಟೆ ಸರಿ ಉಂಟು ಬ್ಯಾರಿಗಳೇ, ಕಳ್ಳ ಸಿಕ್ಕಿದ" ಎಂದರು ದೂಮಣ್ಣ ಮಾವ. "ರೇಡಿಯೋ ರಿಪೇರಿ ಮಾಡ್ತೇನೆ ಅಂತ ನನ್ನ ಮನೆಗೆ ಬಂದು, ಹುಡುಗಿಯನ್ನು ಕೊಂಡುಹೋದವ ಇವನೇ. ಕಣ್ಣು ಮಂಜಾದ್ರೂ ಗುರ್ತ ಸಿಗ್ತದೆ. ಆ ರೇಡಿಯೋ ಇವತ್ತಿನವರೆಗೆ ಮಾತಾಡ್ಲಿಲ್ಲ."

ಮೊದಲು ನಕ್ಕವಳು ಸರೋಜಿನಿ. ನಗುತ್ತಲೇ ಅತ್ತಳು. ಮಾವ ಕೊಡೆಯನ್ನು ಗೋಡೆಗೆ ಒರಗಿಸಿ, ಅವಳ ತಲೆಯ ಮೇಲೆ ಕೈಯಿಟ್ಟು ಒಳಗೆ ಬಂದು ಕುಳಿತರು. ಅಂಗಳ ತುಂಬಿದ್ದ ಜನಕ್ಕೆಲ್ಲ ಎಂದಿನಂತೆ ಚಹಾ ಆಯಿತು. ಊಟ ಬೇಡವೆಂದಿದ್ದವರು ಎರಡು ದಿನ ಉಳಿದರು. ಹೊರಡುವಾಗ ಸರೋಜಿನಿಯ ಹತ್ತಿರ ಮಾತ್ರವಲ್ಲ, ನನ್ನ ಹತ್ತಿರವೂ ಹೇಳಿ ಹೋದರು.

ಗಂಟೆಯನ್ನು ಆಮೇಲೆ ಮೂಸೆ ಬ್ಯಾರಿಗಳಿಗೆ ಮರಳಿಸಿದೆ. ನಮ್ಮ ಮನೆಯಲ್ಲಿದ್ದಷ್ಟು ಕಾಲ ಅದು ಹಿಡಿದದ್ದು ಒಬ್ಬನೇ ಒಬ್ಬ ಕಳ್ಳನನ್ನು. ಅದನ್ನು ಕೂಡಿಸಿದವನೂ ಅವನೇ ಆದ್ದರಿಂದ, ಅದು ಸರಿಯಾಗಿ ಕೆಲಸ ಮಾಡಲಿಲ್ಲವೆಂದು ದೂರುವ ಬಾಯಿ ಅವನಿಗಿಲ್ಲ.