ತೂತು ಮಾಳಿಗೆಯ ಗೃಹಪ್ರವೇಶ

ಹಳೆಯ ಕಟ್ಟಡ ರಿಪೇರಿ ಮಾಡಿಸುವ ಮಾತನ್ನು ಊಟವಾದ ಮೇಲೆ ಎತ್ತಲೇಬಾರದು. ಹೊಟ್ಟೆ ತುಂಬಿದವನಿಗೆ ಗೋಡೆಯ ಬಿರುಕು ಕಾಣುವುದಿಲ್ಲ, ಮುಂದೆ ಬಳಿಯಲಿರುವ ಬಣ್ಣವೇ ಕಾಣುತ್ತದೆ. ಕಲಬುರಗಿ ಶಹಾಬಜಾರದ ನಮ್ಮ ಮನೆಯಲ್ಲಿ ಈ ಮಾತು ಎದ್ದದ್ದು ಮಾವಿನಹಣ್ಣಿನ ಸೀಕರಣೆಯ ಊಟ ಮುಗಿದು, ಬಾಯಿಗೆ ಅಡಿಕೆ ಹೋಳು ಬಿದ್ದ ಹೊತ್ತಿನಲ್ಲಿ. ಆ ಗಳಿಗೆಯಲ್ಲಿ ಯಾರಾದರೂ ಕಲಬುರಗಿಯ ಕೋಟೆಯನ್ನೇ ರಿಪೇರಿ ಮಾಡಿಸೋಣ ಎಂದಿದ್ದರೂ ನಾನು ಹೂಂ ಅನ್ನುತ್ತಿದ್ದೆ. ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಕೇಳಿದ್ದು ಕೋಟೆಯನ್ನಲ್ಲ, ಕಮಲಾಪುರದ ಹೊಳೆಯ ದಂಡೆಯಲ್ಲಿರುವ ನಮ್ಮ ಪಾಂಡುರಂಗ ವಿಶ್ರಾಂತಿ ಭವನವನ್ನು. ನಾನು ಹೂಂ ಅಂದೆ. ಅಂದಮೇಲೆ ಅನುಭವಿಸಬೇಕಲ್ಲ, ಅನುಭವಿಸಿದೆ.

ಈ ಭವನವನ್ನು ಕಟ್ಟಿಸಿದವರು ನಮ್ಮ ಅಜ್ಜ, ನಿಜಾಮರ ಕಾಲದಲ್ಲಿ. ಕಲ್ಲಿನ ಗೋಡೆ, ಸಾಗವಾನಿ ತೊಲೆ, ನೆಲಕ್ಕೆ ಶಹಾಬಾದಿನ ಫರಸಿ, ಹೊಳೆಯ ಕಡೆಗೆ ಮುಖಮಾಡಿದ ಉದ್ದನೆಯ ಮೇಲಿನ ಪಡಸಾಲೆ. ಹೊಳೆ ಎಂದ ಕೂಡಲೇ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ನಮ್ಮ ಕಡೆಯ ಹೊಳೆಯಲ್ಲಿ ವರ್ಷಕ್ಕೆ ಕೆಲವು ತಿಂಗಳು ನೀರು ಇರುತ್ತದೆ, ಉಳಿದ ತಿಂಗಳು ನೆನಪು ಇರುತ್ತದೆ. ಆದರೂ ಹೊಳೆ ಹೊಳೆಯೇ. ಇಲ್ಲಿಗೆ ವರ್ಗವಾಗಿ ಬಂದ ಮಾಸ್ತರರು, ತಹಸೀಲ ಕಚೇರಿಯ ಕಾರಕೂನರು, ಬೀಜದ ವ್ಯಾಪಾರಿಗಳು ತಿಂಗಳ ಬಾಡಿಗೆಯ ಮೇಲೆ ಖೋಲಿ ಹಿಡಿದು ಇಲ್ಲಿಯೇ ಸಂಸಾರವಿಲ್ಲದ ಸಂಸಾರ ಮಾಡುತ್ತಿದ್ದರು. ಮನೆ ಸಿಗುವವರೆಗೆ ಒಂದು ವಾರ ಇರುತ್ತೇನೆಂದು ಬಂದ ಕಂಪೌಂಡರರೊಬ್ಬರು ರಿಟೈರ್ ಆದ ಮೇಲೆಯೇ ಟ್ರಂಕು ಎತ್ತಿದರಂತೆ.

ಅಜ್ಜನ ತರುವಾಯ ಗಲ್ಲಾದ ಮೇಲೆ ಕೂತವರು ಕಾಕಾ. ಅವರು ಲಗ್ನವಾಗಲಿಲ್ಲ. ಕೇಳಿದರೆ, ಇಷ್ಟು ಗಂಡಸರ ನೀರು, ಊಟ, ಸಿಟ್ಟು ನೋಡಿಕೊಳ್ಳುವುದರಲ್ಲಿಯೇ ಸಂಸಾರದ ಆಸೆ ತೀರಿತು ಎನ್ನುತ್ತಾರೆ. ಬೆಳಗಾದರೆ ಅಂಗಳದಲ್ಲಿ ನಿಂತು, ತಾಮ್ರದ ಹಂಡೆಯಲ್ಲಿ ನೀರು ಕಾದಿದೆಯೆಂದು ಮೇಲಿನ ಖೋಲಿಗಳಿಗೆ ಕೂಗಿ ಹೇಳುವುದು ಅವರ ಕೆಲಸ. ಕಲಬುರಗಿಗೆ ಬಸ್ಸುಗಳು ಹೆಚ್ಚಾದಂತೆ ನೌಕರದಾರರು ದಿನಾ ಹೋಗಿಬಂದು ಮಾಡತೊಡಗಿದರು. ಖೋಲಿಗಳು ಒಂದೊಂದಾಗಿ ಖಾಲಿಯಾದವು, ಭವನಕ್ಕೆ ಬೀಗ ಬಿತ್ತು, ಕಾಕಾ ಶಹಾಬಜಾರದ ನಮ್ಮ ಮನೆಗೆ ಬಂದರು. ಮನೆಗೆ ಬಂದರೂ ಬೆಳಿಗ್ಗೆ ಗೀಜರಿನ ಮುಂದೆ ನಿಂತು ಯಾರನ್ನೋ ಕಾಯುವವರಂತೆ ಕಾಣುತ್ತಿದ್ದರು. ಆ ದಿನ ಸೀಕರಣೆ ಉಂಡು ಅವರು ನನಗೆ ಹೇಳಿದ್ದು ಇಷ್ಟೇ:

“ಮಾಧ್ಯಾ, ಸಾಯೋದ್ರಾಗ ಒಂದ ಸಲ ಆ ಅಂಗಳದಾಗ ನಿಂತು ‘ನೀರು ಕಾದಾವ್ರಿ’ ಅಂತ ಒದರಬೇಕು. ಮ್ಯಾಲೆ ಯಾರರೆ ಬಾಗಲಾ ತಗೀಬೇಕು.”

ನಮ್ಮ ಆಸೆಗಳಿಗೂ ಬರವಿರಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ ಸಿಗುವ ಸ್ವಚ್ಛವಾದ ಅಡಿಗೆಮನೆಯೊಂದನ್ನು ನನ್ನ ಹೆಂಡತಿ ಸುಧಾ ಮನಸ್ಸಿನಲ್ಲೇ ಕಟ್ಟಿ, ಅದರ ಗೋಡೆಯ ಟೈಲ್ಸನ್ನೂ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯಲ್ಲಿ ನೋಡಿಟ್ಟಳು. ನನ್ನದು ದೊಡ್ಡ ಆಸೆಯೇನಲ್ಲ. ಮೇಲಿನ ಪಡಸಾಲೆಯಲ್ಲಿ ಒಂದು ಬೆತ್ತದ ಕುರ್ಚಿ, ಕೈಯಲ್ಲಿ ಪುಸ್ತಕ, ಮುಂದೆ ಹೊಳೆ. ಕಾಲೇಜು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವ ಮೇಷ್ಟರಿಗೆ ಇನ್ನೇನು ಬೇಕು? ರಿಪೇರಿಯ ಕೆಲಸವನ್ನೆಲ್ಲ ಬೇರೆ ಯಾರಾದರೂ ಮಾಡಬೇಕು ಎಂಬುದು ನನ್ನ ಆಸೆಯಲ್ಲೇ ಅಡಗಿದ್ದ ಸಣ್ಣ ಷರತ್ತು.

ಅಡ್ಡ ಬಂದವನು ಶಾಮು, ನನ್ನ ದೊಡ್ಡಪ್ಪನ ಮಗ, ನನಗಿಂತ ಹಿರಿಯ. ಆಸ್ತಿಯಲ್ಲಿ ಅವನದೂ ಪಾಲಿದೆ. ಭವನವನ್ನು ಕೆಡವಿ ಆ ಜಾಗದಲ್ಲಿ ಫಂಕ್ಷನ್ ಹಾಲ್ ಕಟ್ಟುವ ಸಾಹುಕಾರರೊಬ್ಬರನ್ನು ಅವನು ಆಗಲೇ ಗೊತ್ತುಮಾಡಿಟ್ಟಿದ್ದ. ಬಾವಲಿ ವಾಸಮಾಡುವ ಕಟ್ಟಡಕ್ಕೆ ಇಷ್ಟು ಪ್ರೀತಿ ಯಾಕೆ ಎಂದು ಅವನ ವಾದ. ಕಾಕಾ ಜಗಳಾಡಲಿಲ್ಲ. ಬೀಗ ಬಿದ್ದ ಭವನವನ್ನು ಮತ್ತೆ ತೆರೆಯಲು ನಮ್ಮ ಆಚಾರ್ಯರನ್ನು ಕರೆಸಿ ಪಂಚಾಂಗ ತೆಗೆಸಿದರು. ಆಷಾಢ ಕೂಡಿದರೆ ಮುಂದೆ ದೀಪಾವಳಿ ದಾಟುವವರೆಗೆ ಗೃಹಪ್ರವೇಶಕ್ಕೆ ಮುಹೂರ್ತವಿಲ್ಲ ಎಂದು ಆಚಾರ್ಯರು, ಆಷಾಢದೊಳಗೆ ಮಾಳಿಗೆಯ ತೂತು ಕೂಡ ಮುಚ್ಚಲಾಗದು ಎಂದು ಮೇಸ್ತ್ರಿ. ಬೇರೆ ಊರಿನವರಾದರೆ ಕಾಯುತ್ತಿದ್ದರು. ನಾವು ಮೊದಲು ಗೃಹಪ್ರವೇಶ, ಆಮೇಲೆ ರಿಪೇರಿ ಎಂದು ತೀರ್ಮಾನಿಸಿದೆವು. ಮುಹೂರ್ತ ಹೋದರೆ ಬರುವುದಿಲ್ಲ, ತೂತು ಎಲ್ಲಿಗೆ ಹೋಗುತ್ತದೆ?

ಹೀಗೆ ಮಾಳಿಗೆಯ ತೂತಿನಿಂದ ಬಿಸಿಲು ಸುರಿಯುತ್ತಿರುವಾಗ ಅದರ ಕೆಳಗೇ ವಾಸ್ತುಶಾಂತಿಯಾಯಿತು. ಕಾಕಾ ಬ್ರಹ್ಮಚಾರಿಯಾದ್ದರಿಂದ ಹಿರಿಯ ದಂಪತಿಗಳೆಂದು ಶಾಮು ಮತ್ತು ಅವನ ಹೆಂಡತಿಯೇ ಪೂಜೆಗೆ ಕೂತರು. ಪೂಜೆಯಿಂದ ಯಾರಿಗೇನು ನಷ್ಟ ಎಂದು ಶಾಮು ನಗುನಗುತ್ತಲೇ ಮಡಿ ಉಟ್ಟ. ಹಾಲು ಚೆನ್ನಾಗಿ ಉಕ್ಕಿತು. ಒಳಗೆ ತಂದ ಆಕಳು ನೈವೇದ್ಯಕ್ಕಿಟ್ಟ ಕಮಲಾಪುರದ ಕೆಂಪು ಬಾಳೆಹಣ್ಣನ್ನು ತಿಂದು, ಹೊರಗೆ ಹೋಗಲು ಒಪ್ಪದೆ ಗಲ್ಲಾದ ಹತ್ತಿರವೇ ನಿಂತುಬಿಟ್ಟಿತು. ಅದನ್ನು ಹೊರಡಿಸಿ, ಹೂರಣದ ಹೋಳಿಗೆ ಉಂಡು, ಎಲ್ಲರೂ ಚಪ್ಪಲಿ ಹುಡುಕುವಾಗ ಆಚಾರ್ಯರು ಕೈ ಒರೆಸಿಕೊಳ್ಳುತ್ತ ನೆನಪಿಸಿದರು: ವಾಸ್ತುವಾದ ಮನೆಗೆ ಬೀಗ ಹಾಕುವ ಹಾಗಿಲ್ಲ. ದೀಪ ಉರಿಯಬೇಕು, ಮನೆಯವರೊಬ್ಬರು ಇರಬೇಕು. ಎಲ್ಲರೂ ಮೊದಲು ಮಾಳಿಗೆಯ ತೂತನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ನಿಮಗ ಹೆಂಗೂ ಕಾಲೇಜು ಸೂಟಿ ಅದಲಾ,” ಎಂದಳು ಸುಧಾ.

ನಾನು ಅಲ್ಲೇ ಉಳಿದೆ. ನನ್ನ ಊಟದ ಡಬ್ಬಿ ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಬರುತ್ತಿತ್ತು. ಒಂದು ದಿನ ಡಬ್ಬಿ ಇಳಿಯುವುದನ್ನೇ ಮರೆತು ಹುಮನಾಬಾದಿನ ದಾರಿ ಹಿಡಿಯಿತು. ಬಾವಲಿಗಳು ನನ್ನನ್ನು ಹೊಸ ಬಾಡಿಗೆದಾರನೆಂದು ತಿಳಿದು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಸ್ನಾನದ ಮನೆಯ ಒಲೆ ಕುಸಿದಿತ್ತು, ಬಾವಿಯ ತಣ್ಣೀರೇ ಗತಿ. ಮಳೆ ಬಂದ ದಿನ ನಾನು, ದೀಪ, ನನ್ನ ಹಾಸಿಗೆ ಮೂವರೂ ಒಣಗಿದ ಮೂಲೆ ಹುಡುಕುತ್ತ ಮನೆಯೆಲ್ಲ ತಿರುಗಿದೆವು. ಫಂಕ್ಷನ್ ಹಾಲ್ ಆದರೇನೇ ಬರೋಬ್ಬರಿ ಎಂದು ಆಗ ನನಗೆ ಅನ್ನಿಸಿದ್ದು ನಿಜ. ಆದರೆ ಮರುದಿನ ಬೆಳಿಗ್ಗೆ ಮೇಲಿನ ಪಡಸಾಲೆಗೆ ಹೋದೆ. ಹೊಳೆಗೆ ಹೊಸ ಕೆಂಪು ನೀರು ಬಂದಿತ್ತು. ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತೆ, ಈ ಕಟ್ಟಡ ಹೋಗಬಾರದಪ್ಪಾ ಎಂದುಕೊಂಡೆ.

ಅದೇ ವಾರ ಶಾಮು ಸಾಹುಕಾರರನ್ನು ಕರೆದುಕೊಂಡು ಕಾರಿನಲ್ಲಿ ಬಂದ. ವಿಷಯ ಮೊದಲೇ ತಿಳಿದು ಕಾಕಾ ಬೆಳಗಿನ ಬಸ್ಸಿಗೇ ಬಂದು ಹಳೆಯ ಗಲ್ಲಾದ ಹಿಂದೆ ಕೂತಿದ್ದರು. ಸಾಹುಕಾರರು ಹಣೆತುಂಬ ವಿಭೂತಿ ಧರಿಸಿದ, ತೂಕದ ಮನುಷ್ಯ. ಹೊಸ್ತಿಲವರೆಗೆ ಬಂದವರು ಅಲ್ಲಿಯ ಅರಿಷಿಣ, ಕುಂಕುಮ, ಮೇಲಿನ ಬಾಡಿದ ತೋರಣ ನೋಡಿ ನಿಂತರು. ಒಳಗೆ ದೀಪ ಉರಿಯುತ್ತಿತ್ತು. ಚಪ್ಪಲಿ ಬಿಟ್ಟು, ಇಲ್ಲಿ ವಾಸ್ತುವಾಗಿದೆಯೇ, ಪೂಜೆಗೆ ಯಾರು ಕೂತಿದ್ದರು ಎಂದು ಕೇಳಿದರು. ನಾನು ಶಾಮುವಿನ ಕಡೆ ನೋಡಿದೆ. ಕಾಕಾ ಕೂಡ ನೋಡಿದರು. ಶಾಮು ಹೊಳೆಯ ಕಡೆ ನೋಡಿದ.

“ಹಾಲು ಉಕ್ಕಿಸಿದ ಮನಿಗಿ ನಾ ಗುದ್ದಲಿ ಹಚ್ಚಂಗಿಲ್ರಿ,” ಎಂದರು ಸಾಹುಕಾರರು ಮೆಲ್ಲಗೆ. “ನಾಳಿ ಅಲ್ಲಿ ಮಂದಿ ಮಕ್ಕಳ ಲಗ್ನ ಆಗಬೇಕಲ್ರಿ.”

ನನ್ನ ಎದೆಯ ಮೇಲಿಂದ ಫರಸಿ ಕಲ್ಲೊಂದನ್ನು ಎತ್ತಿಟ್ಟ ಹಾಗಾಯಿತು. ಸಾಹುಕಾರರು ಚಹಾ ಕುಡಿಯುತ್ತ ಖೋಲಿಗಳನ್ನೆಲ್ಲ ತಿರುಗಿ ನೋಡಿದರು. ರಸ್ತೆಯ ಆಚೆ ಅವರದೇ ಹೊಲವಿತ್ತು. ಹಾಲ್ ಅಲ್ಲಿ ಕಟ್ಟಿಸಿದರಾಯಿತು, ಲಗ್ನಕ್ಕೆ ಬರುವ ಬೀಗರು ಉಳಿಯಲು ಈ ಖೋಲಿಗಳು ಬೇಕೇ ಬೇಕು, ಬೇಗ ರಿಪೇರಿ ಮಾಡಿಸಿರಿ ಎಂದರು. ಬೀಗರ ಹೆಸರು ಕೇಳಿದ್ದೇ ಶಾಮುವಿಗೂ ಅಜ್ಜನ ಮೇಲೆ ಭಕ್ತಿ ಉಕ್ಕಿ ಬಂತು. ಅವನು ಈಗ ಮೇಸ್ತ್ರಿಗೆ ದಿನಾ ಫೋನು ಮಾಡುತ್ತಾನೆ. ಕಾಕಾ ಇದನ್ನೆಲ್ಲ ಮೊದಲೇ ಯೋಚಿಸಿಯೇ ಶಾಮುವನ್ನು ಪೂಜೆಗೆ ಕೂರಿಸಿದರೋ ಏನೋ. ಕೇಳಿದರೆ ಪಂಚಾಂಗದ ಮೇಲೆ ಹಾಕುತ್ತಾರೆ.

ರಿಪೇರಿ ಶುರುವಾಯಿತು. ಮೊದಲು ಮಾಳಿಗೆಯ ತೂತು ಎಂದು ನಾನು, ಮೊದಲು ಸ್ನಾನದ ಮನೆಯ ಒಲೆ ಎಂದು ಕಾಕಾ. ಒಲೆಯೇ ಗೆದ್ದಿತು. ಕೆಲಸ ಮುಗಿಯುವವರೆಗೆ ದೀಪ ಆರುವ ಹಾಗಿಲ್ಲವಾದ್ದರಿಂದ, ಕಾಲೇಜು ತೆರೆದ ಮೇಲೂ ನಾನು ಇಲ್ಲಿಂದಲೇ ಬಸ್ಸಿನಲ್ಲಿ ಕಲಬುರಗಿಗೆ ಹೋಗಿಬಂದು ಮಾಡುತ್ತಿದ್ದೇನೆ. ಒಂದು ವಾರಕ್ಕೆಂದು ಬಂದು ಉಳಿದ ಆ ಕಂಪೌಂಡರರು ಈಗೀಗ ಬಹಳ ನೆನಪಾಗುತ್ತಾರೆ.

ಮೊನ್ನೆ ಬೆಳಿಗ್ಗೆ ಬೆತ್ತದ ಕುರ್ಚಿಯಲ್ಲಿ ಕೂತು, ಪುಸ್ತಕ ತೆರೆದು, ಮೊದಲ ಸಾಲಿನ ಮೇಲೆ ಕಣ್ಣಿಟ್ಟಿದ್ದೆ. ಕೆಳಗೆ ಅಂಗಳದಲ್ಲಿ, ಹೊಸ ಒಲೆ ಹೊತ್ತಿಸಲು ಮೊದಲ ಬಸ್ಸಿಗೇ ಬಂದಿದ್ದ ಕಾಕಾ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಹುಟ್ಟಿದಾಗಿನಿಂದ ನನ್ನನ್ನು ಮಾಧ್ಯಾ ಎಂದೇ ಕರೆದವರು.

“ಮಾಧವರಾವ್ರೇ, ನೀರು ಕಾದಾವ್ರಿ. ಬರ್ರಿ.”

ಹಿಂದಿನ ದಿನವೇ ತಲೆಗೆ ಎಣ್ಣೆ ಹಚ್ಚಿ ಮಿಂದಿದ್ದೆ, ನೆಗಡಿ ಬೇರೆ ಹಿಡಿದಿತ್ತು. ಆದರೂ ಪುಸ್ತಕ ಮುಚ್ಚಿ, ಹೆಗಲಿಗೆ ಟವೆಲ್ ಹಾಕಿ, ಕಾಕಾನ ಕಿವಿಗೆ ಕೇಳುವ ಹಾಗೆ ಖೋಲಿಯ ಬಾಗಿಲನ್ನು ಜೋರಾಗಿ ತೆಗೆದು ಕೆಳಗಿಳಿದೆ.